ಒಂಬತ್ತು ಸೆಕೆಂಡಿನ ದೃಶ್ಯಕ್ಕೆ ಅಂಕ ಹಾಕುವ ಬಗ್ಗೆ

ಇಂದ:
ಸಾರ್ವಜನಿಕ ಸದಸ್ಯೆ (ಹದಿಹರೆಯದವರ ವಿಷಯ ತಜ್ಞೆ),
ನಿವೃತ್ತ ಗಣಿತ ಶಿಕ್ಷಕಿ,
ಸಮಿತಿಯ ಎಡಗಡೆಯಿಂದ ಐದನೇ ಕುರ್ಚಿ.

ಗೆ:
ಕಾರ್ಯದರ್ಶಿಯವರು,
ಸದಭಿರುಚಿಯ ಚಲನಚಿತ್ರಗಳ ಮೌಲ್ಯಮಾಪನ ಕಚೇರಿ,
ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಹದಿಹರೆಯದ ನೆನಪುಗಳನ್ನು ಕುರಿತ ಚಲನಚಿತ್ರದ ಮೌಲ್ಯಮಾಪನ ನಮೂನೆಯಲ್ಲಿ ಏಳನೇ ಕಲಂ ("ನೈಜತೆ", ಗರಿಷ್ಠ 20 ಅಂಕ) ಖಾಲಿ ಬಿಟ್ಟಿರುವುದಕ್ಕೆ ಕಾರಣ ತಿಳಿಸುವ ಬಗ್ಗೆ, ಹಾಗೂ ನಿರ್ದೇಶಕರನ್ನು ಒಂದೇ ಒಂದು ಪ್ರಶ್ನೆ ಕೇಳಿಕೊಡುವಂತೆ ಕೋರಿ.

ಉಲ್ಲೇಖ:
(1) ತಮ್ಮ ಕಚೇರಿಯ ಜ್ಞಾಪನ ಪತ್ರ: "ಏಳನೇ ಕಲಂ ಖಾಲಿ ಇರುತ್ತದೆ. ಮೂರು ದಿನದೊಳಗೆ ತುಂಬದಿದ್ದಲ್ಲಿ ಸದರಿ ನಮೂನೆಯನ್ನು ತಿರಸ್ಕರಿಸಲಾಗುವುದು."
(2) ಅದೇ ದಿನ ಮಧ್ಯಾಹ್ನ ತಾವು ಫೋನಿನಲ್ಲಿ ಹೊರಡಿಸಿದ ಮೌಖಿಕ ಆದೇಶ: "ಮೇಡಂ, ಏನೋ ಒಂದು ನಂಬರ್ ಹಾಕಿ ಕಳಿಸ್ಬಿಡಿ. ಯಾರ್ ನೋಡ್ತಾರೆ?"
(3) ಸದಸ್ಯರ ಕೈಪಿಡಿ, ನಿಯಮ 9 ಮತ್ತು 14.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಏನೋ ಒಂದು ನಂಬರ್ ಹಾಕುವುದು ಅರ್ಜಿದಾರಳಿಂದ ಆಗುವ ಕೆಲಸವಲ್ಲ. ಮೂವತ್ತೆರಡು ವರ್ಷ ಅಂಕ ಹಾಕಿಯೇ ಬದುಕಿದವಳು. ಅರ್ಧ ಅಂಕಕ್ಕೂ ಕಾರಣ ಬರೆದವಳು. ಆಕೆ ತುಂಬದಿದ್ದರೆ ಚಿತ್ರಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ ಎಂಬುದು ಗೊತ್ತಿದೆ. ಆದರೆ ಆ ಚಿತ್ರದಲ್ಲಿ ಒಂಬತ್ತು ಸೆಕೆಂಡಿನ ಒಂದು ದೃಶ್ಯವಿದೆ. ಅದು ನಿಜವಾಗಿ ನಡೆದದ್ದೋ ಇಲ್ಲಾ ಕಟ್ಟಿದ್ದೋ ತಿಳಿಯದೆ ಏಳನೇ ಕಲಂ ತುಂಬಲು ಬರುವುದಿಲ್ಲ. ಕಲಂನ ಮಾತು ಹಾಗಿರಲಿ, ಅದು ತಿಳಿಯದೆ ಅರ್ಜಿದಾರಳಿಗೆ ಹತ್ತು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಕೈಪಿಡಿಯ ನಿಯಮ 9ರ ಪ್ರಕಾರ ಸದಸ್ಯರು ತಮ್ಮ ಬರವಣಿಗೆಯಲ್ಲಿ "ನಾನು" ಎಂಬ ಪದ ಬಳಸತಕ್ಕದ್ದಲ್ಲ. ಬಳಸಿದಲ್ಲಿ ವೈಯಕ್ತಿಕ ಭಾವನೆ ನುಸುಳುವ ಸಂಭವವಿರುತ್ತದೆ. ಆದಕಾರಣ ಕೆಳಗೆ ಅರ್ಜಿದಾರಳನ್ನು ಅರ್ಜಿದಾರಳು ಎಂದೇ ಕರೆಯಲಾಗಿದೆ. ಕರಡು ಓದಿದ ತಂಗಿ, "ಇದೇನಕ್ಕಾ, ಸತ್ತೋದೋರ ಬಗ್ಗೆ ಬರ್ದಂಗಿದೆ" ಎಂದಳು. ನಿಯಮ ಅಂದ ಮೇಲೆ ನಿಯಮ.

1. ಸಮಿತಿಗೆ ಹದಿಹರೆಯದವರನ್ನು ಬಲ್ಲ ಒಬ್ಬರು ಬೇಕಾಗಿದ್ದರು. ಆದ್ದರಿಂದ ಮೂವತ್ತೆರಡು ವರ್ಷ ಹತ್ತನೇ ತರಗತಿಯವರ ಜೊತೆ ಜೀವ ತೇಯ್ದ ಅರ್ಜಿದಾರಳನ್ನು ಸೇರಿಸಿಕೊಳ್ಳಲಾಯಿತು. ಸೇರಿಸಿಕೊಳ್ಳುವಾಗ ಆಕೆ ಯಾವ ಶಾಲೆಯಲ್ಲಿ ಪಾಠ ಮಾಡಿದ್ದಳು, ಚಿತ್ರದ ನಿರ್ದೇಶಕ ಯಾವ ಶಾಲೆಯಲ್ಲಿ ಓದಿದ್ದ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಅರ್ಜಿಯೇ ಇರುತ್ತಿರಲಿಲ್ಲ.

ಸಮಿತಿಯ ರೂಢಿಯಂತೆ ಸಹಿ ಮೊದಲು, ಸಿನಿಮಾ ಆಮೇಲೆ. ಸಿನಿಮಾ ಮುಗಿದ ಮೇಲೆ ಸದಸ್ಯರು ತಿಂಡಿ ಮೇಜು ಬಿಟ್ಟು ಕದಲುವುದಿಲ್ಲ ಎಂಬುದು ತಮ್ಮ ಹನ್ನೊಂದು ವರ್ಷದ ಅನುಭವ. ಆದ್ದರಿಂದ ದೀಪ ಆರಿಸುವ ಮುಂಚೆಯೇ ಏಳೂ ಜನ ಒಂದು ಪ್ರಮಾಣೀಕರಣಕ್ಕೆ ಸಹಿ ಹಾಕಿದರು. "ಚಿತ್ರದಲ್ಲಿ ಬರುವ ಯಾವುದೇ ವ್ಯಕ್ತಿಯೊಂದಿಗೆ ಸದಸ್ಯರಿಗೆ ರಕ್ತಸಂಬಂಧವಾಗಲಿ, ಸ್ನೇಹವಾಗಲಿ, ವೈರವಾಗಲಿ ಇರುವುದಿಲ್ಲ" ಎಂಬುದು ಅದರ ಒಕ್ಕಣೆ. ಚಿತ್ರ ಶುರುವಾಗಿ ಹದಿನೇಳನೇ ನಿಮಿಷಕ್ಕೆ, ಹೆಗಲ ಮೇಲೆ ಮರದ ದೊಡ್ಡ ಕಂಪಾಸ್ ಹೊತ್ತು, ಮೀಸೆ ಹಚ್ಚಿದರೆ ಗಂಡಸೇ ಅನ್ನುವಂತೆ ಹುಬ್ಬು ತೀಡಿಸಿಕೊಂಡು, ಹಿನ್ನೆಲೆಯಲ್ಲಿ ನಗಾರಿ ಹೊಡೆಸಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಹುಡುಗರೆಲ್ಲ ಒಟ್ಟಿಗೆ, "ಕಂಪಾಸ್ ಮಿಸ್!" ಎಂದು ಕಿರುಚಿದರು.

ಅರ್ಜಿದಾರಳ ಅಡ್ಡಹೆಸರು ಕಂಪಾಸ್ ಮಿಸ್.

ಆದ್ದರಿಂದ ಸದರಿ ಪ್ರಮಾಣೀಕರಣವನ್ನು ಈ ಮೂಲಕ ತಿದ್ದಲಾಗಿದೆ. ರಕ್ತಸಂಬಂಧ ಇದೆ. ಸ್ನೇಹದ ವಿಷಯ ಖಚಿತವಿಲ್ಲ. ವೈರ ಆಗಾಗ ಇರುತ್ತದೆ.

ಆಗ ನೆನಪಾಯಿತು ನಿರ್ದೇಶಕ ಯಾರೆಂದು. ಹತ್ತನೇ ತರಗತಿ ಬಿ ವಿಭಾಗ, ಕಿಟಕಿ ಪಕ್ಕದ ಬೆಂಚು. ಯಾವಾಗ ನೋಡಿದರೂ ಹೊರಗೆ ನೋಡುತ್ತಿದ್ದ ಕಾರಣ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು "ಕಿಟಕಿ" ಎಂದು. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹುಡುಗ. ಗಣಿತದಲ್ಲಿ ನಲವತ್ತೊಂದು ಅಂಕ, ಅದರಲ್ಲಿ ಆರು ಅರ್ಜಿದಾರಳ ದಯೆ.

2. ಉಳಿದ ಆರು ಕಲಂಗಳನ್ನು ಅರ್ಜಿದಾರಳು ಸಕಾರಣವಾಗಿ ತುಂಬಿರುತ್ತಾಳೆ. ಅಲ್ಲಿ ವೈರ ಸಾಧಿಸಿದ್ದಾಳೆಂದು ಯಾರೂ ಅನ್ನಬಾರದು ಎಂಬ ಕಾರಣಕ್ಕೆ ವಿವರ ಕೊಡಲಾಗಿದೆ.

ಪಾತ್ರಧಾರಿಗಳು: ಹತ್ತಕ್ಕೆ ಎರಡು. ಹದಿನೈದು ವರ್ಷದವರೆಂದು ತೋರಿಸಿದ ನಾಲ್ವರಲ್ಲಿ ಒಬ್ಬನಿಗೆ ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆಂದು ಗೊತ್ತಾಗಲಿಲ್ಲ. ಇನ್ನೊಬ್ಬ ಬೆಂಚಿನಿಂದ ಏಳುವಾಗ ಸೊಂಟ ಹಿಡಿದುಕೊಂಡ. ಎರಡು ಅಂಕ ನಾಯಿಗೆ. ಅದರ ವಯಸ್ಸು ಸರಿಯಾಗಿತ್ತು.

ಛಾಯಾಗ್ರಹಣ: ಹತ್ತಕ್ಕೆ ನಾಲ್ಕು. ಆ ಊರಲ್ಲಿ ಬೆಳಿಗ್ಗೆ ಎಂಟಕ್ಕೂ ಸಂಜೆ ಐದರ ಬಿಸಿಲು, ಪರೀಕ್ಷೆ ಹಾಲಿನಲ್ಲೂ ಸಂಜೆ ಐದರ ಬಿಸಿಲು, ಜೇನು ಸುರಿದ ಹಾಗೆ. ಅರ್ಜಿದಾರಳಿಗೆ ನೆನಪಿರುವಂತೆ ಬಿ ವಿಭಾಗದಲ್ಲಿ ಎರಡು ಟ್ಯೂಬ್‌ಲೈಟ್ ಇದ್ದವು, ಒಂದು ಮಿಣುಕುತ್ತಿತ್ತು. ಶೌಚಾಲಯದ ವಾಸನೆ ನಾಲ್ಕನೇ ಬೆಂಚಿನವರೆಗೆ ಬರುತ್ತಿತ್ತು. ಚಿತ್ರದಲ್ಲಿ ಶೌಚಾಲಯವೇ ಇಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷ ಒಬ್ಬ ಹುಡುಗನೂ ಕೈ ಎತ್ತಿ ಹೊರಗೆ ಹೋಗಲಿಲ್ಲ.

ಸೈಕಲ್ಲುಗಳ ಬಗ್ಗೆ ಪ್ರತ್ಯೇಕ ಕಲಂ ಇಲ್ಲದ ಕಾರಣ "ಕಲಾ ನಿರ್ದೇಶನ"ದಲ್ಲಿ ಅಂಕ ಕಳೆಯಲಾಗಿದೆ. ಐದು ಹಾಡಿಗೆ ಐದು ಸಲ ಸೈಕಲ್ ತುಳಿದರು, ಕೈ ಬಿಟ್ಟು, ಕಣ್ಣು ಮುಚ್ಚಿ, ನಾಲ್ಕು ಜನ ಸಾಲಾಗಿ ರಸ್ತೆಗೆ ಅಡ್ಡ. ಒಂದು ಚೈನು ಕಳಚಲಿಲ್ಲ, ಒಬ್ಬನ ಮೊಣಕಾಲು ತರಚಲಿಲ್ಲ, ಹಿಂದಿನಿಂದ ಬಂದ ಒಬ್ಬ ಡ್ರೈವರ್ ಬೈಯಲಿಲ್ಲ. ಹತ್ತಕ್ಕೆ ಮೂರು.

ವಿದ್ಯಾಭ್ಯಾಸದ ವಾತಾವರಣ: ಹತ್ತಕ್ಕೆ ಸೊನ್ನೆ. ಇಡೀ ಚಿತ್ರದಲ್ಲಿ ಪುಸ್ತಕ ತೆರೆದದ್ದು ಎರಡು ಸಲ, ಒಂದು ಸಲ ಪ್ರೇಮಪತ್ರ ಬಚ್ಚಿಡಲು, ಇನ್ನೊಂದು ಸಲ ಅದೇ ಪತ್ರ ಹುಡುಕಲು. ಕಂಪಾಸ್ ಮಿಸ್ ಪಾತ್ರಧಾರಿ ಬೋರ್ಡಿನ ಮೇಲೆ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎಂದು ಬರೆದಳು. ಅರ್ಜಿದಾರಳು ಎದ್ದು ನಿಂತು, "ನಡುವಿನ ಟೂ ಎಬಿ ಎಲ್ಲಿ ಹೋಯ್ತು?" ಎಂದು ಕೇಳಿದ್ದು ಹೌದು. ಅಧ್ಯಕ್ಷರು, "ಕೂತ್ಕೊಳ್ಳಿ ಮೇಡಂ, ಹಿಂದಿನವ್ರಿಗೆ ಕಾಣಲ್ಲ" ಅಂದರು. ಹಿಂದೆ ಗೋಡೆ ಇತ್ತು.

ನಿರೂಪಣೆ: ಹತ್ತಕ್ಕೆ ಒಂದು. ಕಾರಿನಲ್ಲಿ ವಾಪಸು ಬಂದ ನಡುವಯಸ್ಸಿನ ನಾಯಕ ಶಾಲೆ ಗೋಡೆ ಮುಟ್ಟಿ ಮುಟ್ಟಿ ಹದಿನಾಲ್ಕು ಸಲ "ಆ ದಿನಗಳು..." ಎನ್ನುತ್ತಾನೆ. ಯಾವ ದಿನಗಳು ಎಂದು ಒಂದು ಸಲವೂ ತಾರೀಖು ಹೇಳುವುದಿಲ್ಲ. "ಯಾರಿಗೂ ನೋವು ಮಾಡದ ವಯಸ್ಸದು" ಎಂದೂ ಹೇಳುತ್ತಾನೆ. ಈ ವಾಕ್ಯಕ್ಕೆ ಋಣ ಅಂಕ ಕೊಡಲು ಅವಕಾಶವಿದೆಯೇ ಎಂದು ಅರ್ಜಿದಾರಳು ಕೇಳಿದಾಗ ತಾವು ಇಲ್ಲವೆಂದಿರಿ. ಆದ್ದರಿಂದ ಒಂದು ಅಂಕ.

ಆರನೇ ಕಲಂ "ಭಾವಪರಿಣಾಮ"ದಲ್ಲಿ ಸದಸ್ಯರಿಗೆ ಎಷ್ಟು ಸಲ ಕಣ್ಣೀರು ಬಂತೆಂದು ಬರೆಯಬೇಕು. ಸಮಿತಿಯಲ್ಲಿರುವ ದಂತವೈದ್ಯರಿಗೆ ನಾಲ್ಕು ಸಲ ಬಂತು. ನಾಲ್ಕು ಸಲವೂ ತಮ್ಮ ಸ್ವಂತ ಸೈಕಲ್ ನೆನೆಸಿಕೊಂಡು ಅತ್ತರೆಂದು ಅವರೇ ಹೇಳಿದರು. ಕವಯಿತ್ರಿಯವರು ನಾಯಿಗೆ ಅತ್ತರು. ಅಧ್ಯಕ್ಷರು ಚಿತ್ರ ಶುರುವಾಗುವ ಮುಂಚೆಯೇ ಕರವಸ್ತ್ರ ತೆಗೆದು ತೊಡೆ ಮೇಲೆ ಹಾಸಿಕೊಂಡು, ಎರಡನೇ ಹಾಡಿಗೆ ಅದರ ಮೇಲೆಯೇ ನಿದ್ದೆ ಹೋದರು. ಅರ್ಜಿದಾರಳ ಲೆಕ್ಕ: ಒಂದು ಸಲ. ಎಲ್ಲಿ ಎಂಬುದು ಮುಂದೆ ಬರುತ್ತದೆ.

3. ಈಗ ಕೋಣೆಯ ವಿಷಯ.

ಚಿತ್ರದಲ್ಲಿ ಶಾಲೆಯ ಕೊನೇ ದಿನ ನಾಲ್ವರು ಹುಡುಗರು ಕಂಪಾಸ್ ಮಿಸ್ಸನ್ನು ಆಟದ ಸಾಮಾನಿನ ಕೋಣೆಗೆ ಕಳಿಸಿ ಹೊರಗಿಂದ ಚಿಲಕ ಹಾಕುತ್ತಾರೆ. ಪಾತ್ರಧಾರಿ ಒಳಗೆ ಅರಚಾಡಿ, ಚೆಂಡಿನ ಮೇಲೆ ಹತ್ತಿ, ಜಾರಿ, ನೆಟ್ಟಿನಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಾಳೆ. ಐದನೇ ನಿಮಿಷಕ್ಕೆ ನಾಯಕಿ ಬಂದು ಬಾಗಿಲು ತೆಗೆಯುತ್ತಾಳೆ. ಮಿಸ್ ಹೊರಗೆ ಬಂದು, ಕೋಲು ಎತ್ತಿ, ಕೋಲು ಬಿಸಾಡಿ, ನಾಲ್ವರನ್ನೂ ತಬ್ಬಿಕೊಂಡು, "ನೀವೇ ಕಣ್ರೋ ನನ್ ಮಕ್ಳು" ಎಂದು ಗೋಳೋ ಅಳುತ್ತಾಳೆ. ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದಂತವೈದ್ಯರು ಅರ್ಜಿದಾರಳ ಕೈ ತಟ್ಟಿ, "ಇಂಥ ಒಬ್ರು ನಮ್ ಸ್ಕೂಲಲ್ಲೂ ಇದ್ರು ಮೇಡಂ!" ಅಂದರು.

ನಡೆದದ್ದು ಹೀಗಿರುತ್ತದೆ. ಮೂವತ್ತೊಂದು ವರ್ಷದ ಹಿಂದೆ, ಕೊನೇ ದಿನ, ಮಧ್ಯಾಹ್ನ ಮೂರು ನಲವತ್ತು. "ಮಿಸ್, ನಿಮ್ ಕಂಪಾಸ್ ಆಟದ ರೂಮಲ್ಲಿದೆ" ಎಂದು ಒಬ್ಬ ಹೇಳಿದ. ಅರ್ಜಿದಾರಳು ಒಳಗೆ ಹೋದಳು. ಚಿಲಕ ಬಿತ್ತು. ಹೊರಗೆ ನಗು, ಓಡುವ ಸದ್ದು. ಅರ್ಜಿದಾರಳು ಅರಚಲಿಲ್ಲ. ಅರಚಿದರೆ ಅವರು ಗೆದ್ದ ಹಾಗೆ. ಐದು ನಿಮಿಷ ಸುಮ್ಮನಿದ್ದರೆ ಅವರಿಗೇ ಬೇಜಾರಾಗಿ ತೆಗೆಯುತ್ತಾರೆ ಎಂದು ಲೆಕ್ಕ ಹಾಕಿದಳು. ಲೆಕ್ಕದ ಟೀಚರಲ್ಲವೇ! ಹುಡುಗರು ಗುಂಪು ಫೋಟೋ ತೆಗೆಸಿಕೊಳ್ಳಲು ಹೋದವರು ಮರೆತೇಬಿಟ್ಟರು. ನಾಲ್ಕು ಗಂಟೆಗೆ ಬಾಗಿಲು ಬಡಿದಳು. ನಾಲ್ಕೂ ಹತ್ತಕ್ಕೆ ಕೂಗಿದಳು. ನಾಲ್ಕೂ ಇಪ್ಪತ್ತಕ್ಕೆ ಮಾನ ಮರ್ಯಾದೆ ಬಿಟ್ಟು, ಗಂಟಲು ಹರಿಯುವಂತೆ ಕೂಗಿದಳು. ಆ ಕೋಣೆ ಮೈದಾನದಾಚೆ ಹಿಂಭಾಗದಲ್ಲಿತ್ತು, ಶಾಲೆ ಖಾಲಿಯಾಗಿತ್ತು. ನಾಲ್ಕೂವರೆಗೆ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟಿತು.

ಆಮೇಲೆ ಅವಳು ಕೂಗಲಿಲ್ಲ. ಸುತ್ತಿಟ್ಟ ಚಾಪೆ ಮೇಲೆ ಕೂತು ಚೀಲದಲ್ಲಿದ್ದ ಹನ್ನೊಂದು ಉತ್ತರಪತ್ರಿಕೆ ತಿದ್ದಿದಳು. ಆರೂ ಮುಕ್ಕಾಲಿಗೆ ಜವಾನ ಹಗ್ಗ ಇಡಲು ಬಂದು ಬಾಗಿಲು ತೆಗೆದ.

"ಅಯ್ಯೋ ಮಿಸ್! ಇಲ್ಲೇನ್ ಮಾಡ್ತಿದೀರಿ?"

"ಪೇಪರ್ ತಿದ್ತಿದೀನಿ. ಕಾಣ್ಸಲ್ವಾ?"

ಮನೆಗೆ ಹೋಗಿ ಇದನ್ನು ತಮಾಷೆಯಾಗಿಯೇ ಹೇಳಿದಳು. ಅಪ್ಪ ನಕ್ಕರು. ತಂಗಿ ಬಿದ್ದು ಬಿದ್ದು ನಕ್ಕಳು. ಬಸ್ಸಿನ ವಿಷಯ ಹೇಳಲಿಲ್ಲ.

4. ಬಸ್ಸಿನ ವಿಷಯ.

ಆ ವರ್ಷ ಶಾಲೆಗೆ ಇಬ್ಬರು ಹೊಸಬರು ಬಂದಿದ್ದರು. ಒಬ್ಬಳು ಅರ್ಜಿದಾರಳು, ವಯಸ್ಸು ಇಪ್ಪತ್ತೊಂಬತ್ತು. ಇನ್ನೊಬ್ಬರು ಒಂದು ವರ್ಷದ ತಾತ್ಕಾಲಿಕ ಹುದ್ದೆಯ ಮೇಲೆ ಬಂದ ಡ್ರಾಯಿಂಗ್ ಮಾಸ್ತರು. ಎರಡು ಕೈ ತುಂಬ ಡ್ರಾಯಿಂಗ್ ಹಾಳೆ ಸುರುಳಿ ಇರುತ್ತಿದ್ದ ಕಾರಣ ಕೊಡೆಯನ್ನು ಶರಟಿನ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅವರು ಬೋರ್ಡಿನ ಮೇಲೆ ಬರಿಗೈಯಲ್ಲಿ ವೃತ್ತ ಬರೆಯುತ್ತಿದ್ದರು. ಅರ್ಜಿದಾರಳಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಮರದ ಕಂಪಾಸ್ ತಂದು ಇಟ್ಟು ನೋಡುತ್ತಿದ್ದಳು.

"ಇಲ್ಲಿ ತಪ್ಪಿದೆ ನೋಡಿ."

"ಎಷ್ಟು ತಪ್ಪಿದೆ?"

"ಒಂದು ದಾರದಷ್ಟು."

"ಅಷ್ಟಕ್ಕೆ ಇಷ್ಟು ದೂರ ಹೊತ್ಕೊಂಡ್ ಬಂದ್ರಾ ಅದನ್ನ?" ಎಂದು ನಗುತ್ತಿದ್ದರು.

ಒಂದು ವರ್ಷ ದಿನಾ ಇದೇ. ಇದಕ್ಕೆ ಏನೆನ್ನುತ್ತಾರೆಂದು ಅರ್ಜಿದಾರಳಿಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು, ಹೇಳಲು ನಿಯಮ 9 ಬಿಡುವುದಿಲ್ಲ.

ಕೊನೇ ದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕುಂಚ ತೊಳೆಯುತ್ತ, ತಲೆ ಎತ್ತದೆ ಅವರು ಹೇಳಿದರು: "ನನ್ ಅವಧಿ ಇವತ್ತಿಗೆ ಮುಗೀತು. ನಾಲ್ಕೂವರೆ ಬಸ್ಸಿಗೆ ಹೊರಡ್ತೀನಿ. ನೀವು ಹೂಂ ಅನ್ನೋದಾದ್ರೆ ಸ್ಟಾಪ್ ಹತ್ರ ಬನ್ನಿ, ನಾನು ಹೋಗಲ್ಲ. ನಿಮ್ ತಂದೆಯವ್ರನ್ನ ನೋಡ್ತೀನಿ. ಬರ್ಲಿಲ್ಲ ಅಂದ್ರೆ ಅರ್ಥ ಮಾಡ್ಕೋತೀನಿ. ಮತ್ತೆ ಕೇಳಿ ನಿಮ್ಗೆ ತೊಂದ್ರೆ ಕೊಡಲ್ಲ."

ಅರ್ಜಿದಾರಳು, "ನೋಡೋಣ" ಎಂದಳು. ಒಳಗೆ ಆಗಲೇ ಹೂಂ ಅಂದಾಗಿತ್ತು. ಬಾಯಿಬಿಟ್ಟು ಅಲ್ಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ ಕಾಣೆ! ಮಧ್ಯಾಹ್ನ ಮುಖ ತೊಳೆದು, ಸೀರೆಗೆ ಹತ್ತಿದ ಸೀಮೆಸುಣ್ಣ ಕೊಡವಿ, ಮೂರೂ ಮೂವತ್ತೈದಕ್ಕೆ ತಯಾರಾಗಿ ನಿಂತಿದ್ದಳು. ಐದು ನಿಮಿಷ ಕಳೆದ ಮೇಲಿನದ್ದು ಮೂರನೇ ಅಂಶದಲ್ಲಿದೆ.

ಮಾರನೇ ವಾರ ಅರ್ಜಿದಾರಳು ಶಾಲೆ ಗೇಟಿನಿಂದ ಬಸ್ ಸ್ಟಾಪಿಗೆ ಹೆಜ್ಜೆ ಎಣಿಸಿದಳು. ಇನ್ನೂರ ಹನ್ನೆರಡು. ಇಷ್ಟು ದೂರ ಬಂದು "ಎಲ್ಲಿ ಅವ್ರು?" ಎಂದು ಒಂದು ಮಾತು ಕೇಳಲಿಲ್ಲವಲ್ಲ ಈ ಮನುಷ್ಯ! ಇನ್ನೂರ ಹನ್ನೆರಡು ಹೆಜ್ಜೆಗೆ ಕಾಲು ನೋಯುವವನು ಜೀವಮಾನವೆಲ್ಲ ಜೊತೆಗೆ ನಡೆಯುತ್ತಿದ್ದನೇ? ಹೋದದ್ದೇ ಒಳ್ಳೆಯದಾಯಿತು ಎಂದು ತೀರ್ಮಾನಿಸಿ ಕೈ ತೊಳೆದುಕೊಂಡಳು. ಆ ಸಿಟ್ಟು ಬಹಳ ಉಪಯೋಗಕ್ಕೆ ಬಂತು. ಮುಂದೆ ಬಂದ ಎರಡು ಸಂಬಂಧ ಬೇಡ ಅನ್ನಲು ಬಂತು. ಮೂವತ್ತೊಂದು ವರ್ಷ ಬೆನ್ನು ನೆಟ್ಟಗಿಟ್ಟುಕೊಂಡು ನಡೆಯಲು ಬಂತು. ಹುಡುಗರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಹುಡುಗರು ಹುಡುಗರೇ. ಸಿಟ್ಟೆಲ್ಲ ಮಾಸ್ತರರ ಮೇಲೆ.

5. ಹೀಗಿರುವಲ್ಲಿ, ಚಿತ್ರದ ಒಂದು ಗಂಟೆ ಐವತ್ತೆರಡನೇ ನಿಮಿಷದಲ್ಲಿ, ಚಿಲಕ ಬಿದ್ದ ಮೇಲೆ, ನಾಯಕಿ ಬಾಗಿಲು ತೆಗೆಯುವ ಮುಂಚೆ, ಈ ಕೆಳಕಂಡ ದೃಶ್ಯ ಬರುತ್ತದೆ. ಶಾಲೆ ಗೇಟು. ಒಬ್ಬ ಗಂಡಸು ಬರುತ್ತಾನೆ. ಎರಡೂ ಕೈಯಲ್ಲಿ ಹಾಳೆ ಸುರುಳಿ. ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ. ಹುಡುಗರನ್ನು ಕೇಳುತ್ತಾನೆ: "ಮಿಸ್ ಇದಾರಾ?" ಒಬ್ಬ ನಗು ತಡೆದುಕೊಂಡು, "ಆಗ್ಲೇ ಹೋದ್ರು ಸಾರ್" ಅನ್ನುತ್ತಾನೆ. ಗಂಡಸು ನಿಲ್ಲುತ್ತಾನೆ. ಮೈದಾನದ ಕಡೆ ನೋಡುತ್ತಾನೆ. ಹೋಗುತ್ತಾನೆ. ಒಂಬತ್ತು ಸೆಕೆಂಡು. ಅವನು ಚಿತ್ರದಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಆರನೇ ಕಲಂನ ಒಂದು ಸಲ ಎಂಬುದು ಇದೇ.

ಎಲ್ಲರೂ ತಿಂಡಿಗೆ ಹೋದ ಮೇಲೆ ಅವಳು ಏಣಿ ಹತ್ತಿ ಆಪರೇಟರ್ ಇರುವ ಪ್ರೊಜೆಕ್ಟರ್ ಕೋಣೆಗೆ ಹೋಗಿ, ಆ ಭಾಗ ಮತ್ತೊಮ್ಮೆ ಹಾಕಲು ಕೇಳಿಕೊಂಡಳು. ನಾಲ್ಕು ಸಲ ಹಾಕಿಸಿದ್ದು ನಿಯಮಬಾಹಿರವೆಂಬುದು ತಿಳಿದಿದೆ. ಆಪರೇಟರ್ ತಪ್ಪೇನಿಲ್ಲ, ಅವನ ಮೇಲೆ ಕ್ರಮ ಬೇಡ. ನಾಲ್ಕನೇ ಸಲಕ್ಕೆ ಅವನು, "ಯಾರ್ ಮೇಡಂ ಈ ಮನುಷ್ಯ? ಕತೆಗೂ ಅವ್ನಿಗೂ ಸಂಬಂಧನೇ ಇಲ್ವಲ್ಲ. ನಾನಾಗಿದ್ರೆ ಕತ್ತರಿಸಿ ಎಸೀತಿದ್ದೆ" ಎಂದ.

ಕೆಳಗೆ ಬಂದು ಉಳಿದವರನ್ನು ಕೇಳಿದಳು. ಕವಯಿತ್ರಿಯವರು ತಟ್ಟೆ ಕೈಯಲ್ಲಿ ಹಿಡಿದು ಕಣ್ಣು ಅರೆಮುಚ್ಚಿ, "ಅದು ಬಾಲ್ಯ ನಮ್ಮನ್ನ ಹುಡುಕ್ಕೊಂಡ್ ಬಂದು ವಾಪಸ್ ಹೋಗೋದರ ಸಂಕೇತ" ಎಂದರು. ದಂತವೈದ್ಯರು, "ಸಂಕೇತನೂ ಇಲ್ಲ ಏನೂ ಇಲ್ಲ. ಪ್ರೊಡ್ಯೂಸರ್ ಮಾವ ಇರ್ಬೇಕು. ಒಂದ್ ಸೀನ್ ಕೊಡು ಅಂತ ಪ್ರಾಣ ತಿಂದಿರ್ತಾನೆ" ಎಂದರು. ಅಧ್ಯಕ್ಷರಿಗೆ ಅಂಥ ದೃಶ್ಯ ಇದ್ದದ್ದೇ ಗೊತ್ತಿರಲಿಲ್ಲ.

6. ಅರ್ಜಿದಾರಳು ಈ ಪ್ರಶ್ನೆಯನ್ನು ತಾನೇ ಬಿಡಿಸಲು ಪ್ರಯತ್ನಿಸಿರುತ್ತಾಳೆ.

ನಿಜವಿರಬಹುದು ಎನ್ನಲು ಕಾರಣ: ಡ್ರಾಯಿಂಗ್ ಮಾಸ್ತರು ಕೇಳಿದ ಮಾತು ಭೂಮಿ ಮೇಲೆ ಇಬ್ಬರಿಗೇ ಗೊತ್ತಿತ್ತು. ಕೊಡೆ ಸಿಕ್ಕಿಸಿಕೊಂಡ ಮನುಷ್ಯ ಅದೇ ದಿನ, ಅದೇ ಹೊತ್ತಿಗೆ ಗೇಟಿಗೆ ಬಂದನೆಂದು ಏನೂ ಅರಿಯದ ಹುಡುಗ ಎಲ್ಲಿಂದ ಕಟ್ಟುತ್ತಾನೆ? ಕಿಟಕಿ ನೋಡಿರಬೇಕು. ನೋಡುವುದೇ ಅವನ ಕಸುಬಾಗಿತ್ತಲ್ಲ. ನಾಯಿಗೆ ನಲವತ್ತು ಸೆಕೆಂಡು ಕೊಟ್ಟ ಚಿತ್ರ, ಕತೆಗೆ ಬೇಡದ ಮನುಷ್ಯನಿಗೆ ಒಂಬತ್ತು ಸೆಕೆಂಡು ಕೊಡಬೇಕಾದರೆ, ಅದು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿರಬೇಕು.

ನಿಜವಲ್ಲದಿರಬಹುದು ಎನ್ನಲು ಕಾರಣ: ಅದೇ ಹುಡುಗ ಶೌಚಾಲಯ ಅಳಿಸಿದ್ದಾನೆ. ಟ್ಯೂಬ್‌ಲೈಟ್ ಅಳಿಸಿದ್ದಾನೆ. ಮೂರು ಗಂಟೆ ಐದು ನಿಮಿಷವನ್ನು ಐದು ನಿಮಿಷ ಮಾಡಿದ್ದಾನೆ. ಟೂ ಎಬಿ ನುಂಗಿದ್ದಾನೆ. ಇಷ್ಟೆಲ್ಲ ಮಾಡಿದವನ ಒಂಬತ್ತು ಸೆಕೆಂಡನ್ನು ಹೇಗೆ ನಂಬುವುದು? ಕೊಡೆಯನ್ನು ಅವನು ವರ್ಷವಿಡೀ ನೋಡಿದ್ದ. ಸುಮ್ಮನೆ ಒಂದು ಕಡೆ ಸಿಕ್ಕಿಸಿರಬಹುದು.

ಎರಡೂ ಕಡೆ ಸರಿಸಮ. ಉತ್ತರ ಬಂದಿರುವುದಿಲ್ಲ. ಹತ್ತು ದಿನವಾಯಿತು.

7. ಅರ್ಜಿದಾರಳ ಜೊತೆಗಿರುವ ತಂಗಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಮೊನ್ನೆ ಅವಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಮಷಿನ್ ನಿಲ್ಲಿಸಿ, ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಕೇಳಿದಳು:

"ಅವತ್ತು ನಾನು ನಕ್ಕಿದ್ದೆ, ಅಲ್ವಾ ಅಕ್ಕಾ?"

"ನಕ್ಕಿದ್ದೆ."

"ಹೇಳ್ಬಾರ್ದಿತ್ತಾ ಆಗ್ಲೇ?"

"ಏನಂತ ಹೇಳ್ಲಿ? ಅವ್ರು ಬಂದು ಕೇಳ್ಲೂ ಇಲ್ಲ ಅಂತಾನಾ?"

ತಂಗಿ ಬಾಯಿಂದ ಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು. ಆಮೇಲೆ, "ಅದಕ್ಕೆ ಅರ್ಜಿ ಯಾಕೆ? ಆ ಹುಡುಗಂಗೆ ಫೋನ್ ಮಾಡಿ ಕೇಳಿದ್ರಾಯ್ತಪ್ಪ" ಎಂದಳು.

ನಿಯಮ 14ರ ಪ್ರಕಾರ ಫಲಿತಾಂಶ ಬರುವವರೆಗೆ ಸದಸ್ಯರು ನಿರ್ದೇಶಕರ ಜೊತೆ ನೇರವಾಗಿಯಾಗಲಿ, ಫೋನಿನಲ್ಲಾಗಲಿ, ಪತ್ರದ ಮೂಲಕವಾಗಲಿ ಮಾತನಾಡತಕ್ಕದ್ದಲ್ಲ ಎಂದು ಅವಳಿಗೆ ಓದಿ ಹೇಳಲಾಯಿತು.

"ಹಾಗಾದ್ರೆ ಆ ಸಮಿತಿ ಬಿಟ್ಟು ಎದ್ದು ಬಾ. ಬಂದು ಕೇಳು."

ಇದಕ್ಕೆ ಅರ್ಜಿದಾರಳ ಬಳಿ ನಿಯಮ ಇರಲಿಲ್ಲ. ಸತ್ಯವಾಗಿ ಹೇಳುವುದಾದರೆ, ನಂಬರ್ ಸಿಕ್ಕಿದೆ. ಮೂರು ಸಲ ಒತ್ತಿ, ಕೊನೇ ಅಂಕಿ ಬಿಟ್ಟು ಇಟ್ಟಿದ್ದಾಳೆ. ಅವನು "ಮಿಸ್, ನೀವಾ!" ಎಂದು ಸಂಭ್ರಮಪಟ್ಟು, "ಆ ದಿನಗಳು..." ಎಂದು ಶುರು ಹಚ್ಚಿಕೊಂಡರೆ ಏನು ಮಾಡುವುದು? ನಡುವೆ ಎಲ್ಲೋ, ತಾನು ಏನು ಹೇಳುತ್ತಿದ್ದೇನೆಂದು ತಿಳಿಯದೆ, "ಅಯ್ಯೋ ಆ ಶಾಟಾ? ಸುಮ್ನೆ ಹಾಕಿದ್ದು ಮಿಸ್" ಎಂದು ನಕ್ಕುಬಿಟ್ಟರೆ? ಆ ನಗು ಕೇಳಿಸಿಕೊಳ್ಳುವ ಶಕ್ತಿ ಇಲ್ಲ. ಕಚೇರಿಯ ಮೂಲಕ ಬರುವ ಉತ್ತರದಲ್ಲಿ ನಗು ಇರುವುದಿಲ್ಲ. ಆದ್ದರಿಂದ ಈ ಅರ್ಜಿ.

8. ಅರ್ಜಿದಾರಳು ಏನು ಕೇಳುತ್ತಿಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕಾಗಿದೆ. ಚಿಲಕ ಹಾಕಿದವರು ಯಾರೆಂದು ಕೇಳುತ್ತಿಲ್ಲ. "ಆಗ್ಲೇ ಹೋದ್ರು ಸಾರ್" ಎಂದವನು ಯಾರೆಂದೂ ಕೇಳುತ್ತಿಲ್ಲ. ಪಾತ್ರಧಾರಿಯ ಹುಬ್ಬಿನ ಬಗ್ಗೆ ತಕರಾರಿಲ್ಲ. ಡ್ರಾಯಿಂಗ್ ಮಾಸ್ತರರ ವಿಳಾಸವೂ ಬೇಡ. ಅವರು ಎಲ್ಲೋ ಮೊಮ್ಮಕ್ಕಳಿಗೆ ಬರಿಗೈಯಲ್ಲಿ ವೃತ್ತ ಬರೆದುಕೊಡುತ್ತಿರಬಹುದು, ಅಥವಾ ಇಲ್ಲದೆಯೂ ಇರಬಹುದು. ಅವರು ಬಂದಿದ್ದರೆಂದು ಗೊತ್ತಾದರೆ ಕಳೆದದ್ದು ಯಾವುದೂ ತಿರುಗಿ ಬರುವುದಿಲ್ಲ ಎಂಬಷ್ಟು ಗಣಿತ ಅರ್ಜಿದಾರಳಿಗೆ ಬರುತ್ತದೆ. ಆದರೆ ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಮೂವತ್ತೊಂದು ವರ್ಷ ಸುಮ್ಮಸುಮ್ಮನೆ ಸಿಟ್ಟಾಗಿದ್ದೆನೇ ಎಂಬುದು ಗೊತ್ತಾಗಬೇಕು. (ಇಲ್ಲಿ ನಿಯಮ 9 ಉಲ್ಲಂಘನೆಯಾಗಿದೆ. "ಸಿಟ್ಟಾಗಿದ್ದಳೇ" ಎಂದು ಓದಿಕೊಳ್ಳುವುದು.)

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ ಸದರಿ ನಿರ್ದೇಶಕರಿಗೆ ಕಚೇರಿಯ ಮುದ್ರೆಯೊಂದಿಗೆ, ಸದಸ್ಯರು ಯಾರೆಂದು ತಿಳಿಸದೆ, ಈ ಕೆಳಗಿನ ಪ್ರಶ್ನೆಯನ್ನು ಕಳಿಸಬೇಕಾಗಿ ವಿನಂತಿ:

"ತಮ್ಮ ಚಿತ್ರದ ಒಂದು ಗಂಟೆ ಐವತ್ತೆರಡನೇ ನಿಮಿಷದಲ್ಲಿ ಗೇಟಿನ ಬಳಿ ಬಂದು ವಿಚಾರಿಸುವ ವ್ಯಕ್ತಿ: (ಅ) ನಿಜವಾಗಿ ಬಂದಿದ್ದರು. (ಆ) ಕಲ್ಪನೆ. ಅನ್ವಯಿಸದ್ದನ್ನು ಹೊಡೆದುಹಾಕಿ. ಇತರ ನೆನಪುಗಳನ್ನು ಬರೆಯುವ ಅಗತ್ಯವಿಲ್ಲ."

ಉತ್ತರ (ಅ) ಆದಲ್ಲಿ ಏಳನೇ ಕಲಂಗೆ ಇಪ್ಪತ್ತು, (ಆ) ಆದಲ್ಲಿ ಸೊನ್ನೆ. ನಡುವಿನ ಅಂಕ ಇರುವುದಿಲ್ಲ.

ಮೂರು ದಿನದ ಗಡುವನ್ನು ಸದರಿ ಉತ್ತರ ಬರುವವರೆಗೆ ವಿಸ್ತರಿಸಬೇಕಾಗಿಯೂ ಪ್ರಾರ್ಥನೆ. ಅರ್ಜಿದಾರಳಿಗೆ ಕಾಯುವುದು ಹೊಸದಲ್ಲ.

ಕಚೇರಿಯ ಮೇಲೆ ಇನ್ನೂ ವಿಶ್ವಾಸ ಇಟ್ಟುಕೊಂಡಿರುವ,

(ಸಹಿ)
ಸಾರ್ವಜನಿಕ ಸದಸ್ಯೆ, ಐದನೇ ಕುರ್ಚಿ

ಲಗತ್ತುಗಳು:
(1) ಮೌಲ್ಯಮಾಪನ ನಮೂನೆ, ಏಳನೇ ಕಲಂ ಹೊರತುಪಡಿಸಿ ಪೂರ್ಣ.
(2) ಎ ಪ್ಲಸ್ ಬಿ ಹೋಲ್ ಸ್ಕ್ವೇರ್‌ನ ಸರಿಯಾದ ಸೂತ್ರ, ಚಿತ್ರತಂಡದ ಗಮನಕ್ಕೆ, ಒಂದು ಪ್ರತಿ.
(3) ಕೋಣೆಯೊಳಗೆ ತಿದ್ದಿದ ಹನ್ನೊಂದು ಉತ್ತರಪತ್ರಿಕೆಗಳು: ಲಭ್ಯವಿಲ್ಲ. ವಿದ್ಯಾರ್ಥಿಗಳಿಗೆ ಹಿಂದಿರುಗಿಸಲಾಗಿದೆ. ಎಲ್ಲರೂ ಪಾಸು.
(4) ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ, ಒಂದು.

ವಿಶೇಷ ಸೂಚನೆ: ಅರ್ಜಿ ಮುಚ್ಚುವ ಮುಂಚೆ ಇನ್ನೊಮ್ಮೆ ಓದಿ ನೋಡಿ, ಕೆಳಕಂಡ ತಿದ್ದುಪಡಿ ಸೇರಿಸಲಾಗಿದೆ. ಉತ್ತರ (ಆ) ಕಲ್ಪನೆ ಎಂದು ಬಂದಲ್ಲಿ, ಅದನ್ನು ದಯವಿಟ್ಟು ಅರ್ಜಿದಾರಳಿಗೆ ಕಳಿಸುವುದು ಬೇಡ. ಕಡತದಲ್ಲೇ ಇಟ್ಟುಕೊಂಡು, ಏಳನೇ ಕಲಂನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಎಂದು ಕಚೇರಿಯೇ ಬರೆದುಕೊಳ್ಳುವುದು. ಕಾರಣ ಕೇಳಬಾರದಾಗಿ ವಿನಂತಿ.